ಹವ್ಯಾಸಕ್ಕೂ ಬಿಡುವಿಗೂ ಏನು ಸಂಬಂಧ?

ಮೊನ್ನೆ ಒಂದು ಅರ್ಜಿ ತುಂಬುತ್ತಿದ್ದೆ. ಹೆಸರು, ವಯಸ್ಸು, ವೃತ್ತಿ ಎಲ್ಲ ಸರಾಗವಾಗಿ ಮುಗಿಯಿತು. ‘ಹವ್ಯಾಸಗಳು’ ಅನ್ನೋ ಸಾಲಿಗೆ ಬಂದಾಗ ಪೆನ್ನು ನಿಂತಿತು. ಕೊನೆಗೆ ‘ಓದುವುದು, ಸಂಗೀತ ಕೇಳುವುದು’ ಎಂದು ಬರೆದೆ. ಎಲ್ಲರೂ ಬರೆಯೋದು ಅದನ್ನೇ ಅಲ್ವಾ?

ಶಾಲೆಯಲ್ಲಿ ಬರೆದ ಪ್ರಬಂಧದ ಮೊದಲ ಸಾಲು ನನಗಿನ್ನೂ ಬಾಯಿಪಾಠ: ‘ಬಿಡುವಿನ ವೇಳೆಯಲ್ಲಿ ಮಾಡುವ ಕೆಲಸವೇ ಹವ್ಯಾಸ.’ ಈಗ ಅನ್ನಿಸುತ್ತದೆ, ಅದು ಶುದ್ಧ ತಪ್ಪು. ಬಿಡುವಿನಲ್ಲಿ ನಾನು ಮಾಡೋದು ಮೊಬೈಲ್ ತಿಕ್ಕೋದು. ಅದನ್ನು ಹವ್ಯಾಸ ಅಂತ ಯಾರೂ ಅರ್ಜಿಯಲ್ಲಿ ಬರೆಯೋದಿಲ್ಲ.

ಈ ಪದ ಪಕ್ಕದ ಮರಾಠಿಯಲ್ಲೂ ಇದೆ. ಆದರೆ ಅಲ್ಲಿ ‘ಹವ್ಯಾಸ’ ಅಂದರೆ ಹಪಾಹಪಿ, ದುರಾಸೆ. ‘ಪೈಶಾಚಾ ಹವ್ಯಾಸ’ ಅಂದರೆ ದುಡ್ಡಿನ ದಾಹ. ‘ನನಗೆ ನಾಲ್ಕೈದು ಹವ್ಯಾಸ ಇವೆ’ ಎಂದು ಮರಾಠಿಯವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡರೆ ಅವರು ಜೇಬು ಮುಟ್ಟಿ ನೋಡಿಕೊಂಡಾರು! ನಮ್ಮಲ್ಲೂ ಆ ವಾಸನೆ ಪೂರ್ತಿ ಹೋಗಿಲ್ಲ. ಕುಡಿತ, ಇಸ್ಪೀಟು ಬಂದಾಗ ‘ಕೆಟ್ಟ ಹವ್ಯಾಸ’ ಅಂತಲೇ ಹೇಳುತ್ತೇವೆ. ಇನ್ನು ನಾವು ಹವ್ಯಾಸ ಅನ್ನೋದಕ್ಕೆ ಮರಾಠಿಯವರು ಬಳಸೋ ಪದ ‘ಛಂದ’. ನಮ್ಮ ‘ಸ್ವಚ್ಛಂದ’ದಲ್ಲಿ ಇರೋದೂ ಅದೇ ಛಂದ. ಅದರ ಅರ್ಥ ಇಚ್ಛೆ.

ಹಿಂದಿಯ ‘ಶೌಕ್’ ಅರಬ್ಬಿಯಿಂದ ಬಂದದ್ದು. ಮೂಲ ಅರ್ಥ ಹಂಬಲ. ಅದೇ ನಮ್ಮಲ್ಲಿಗೆ ಬಂದು ‘ಶೋಕಿ’ ಆಯಿತು, ಪಾಪ, ಮರ್ಯಾದೆಯನ್ನೂ ಕಳೆದುಕೊಂಡಿತು. ಹವ್ಯಾಸಿ ಅನ್ನೋ ಅರ್ಥದ ‘ಅಮೆಚೂರ್’ ಪದದ ಬುಡದಲ್ಲಿ ಇರೋದು ಪ್ರೀತಿಸು ಅನ್ನೋ ಲ್ಯಾಟಿನ್ ಮಾತು. ಈ ಪದಗಳಲ್ಲಿ ಎಲ್ಲಿ ಹುಡುಕಿದರೂ ಆಸೆ ಸಿಗುತ್ತದೆ, ಬಿಡುವು ಸಿಗೋದಿಲ್ಲ.

ಇಂಗ್ಲಿಷಿನ ‘ಹಾಬಿ’ ಮಾತ್ರ ಬೇರೆ ಜಾತಿಯದು. ಅದು ಕುದುರೆ. ‘ಹಾಬಿ’ ಅಂದರೆ ಸಣ್ಣ ತಳಿಯ ಕುದುರೆ. ಆಮೇಲೆ ಕೋಲಿನ ತುದಿಗೆ ಕುದುರೆ ತಲೆ ಸಿಕ್ಕಿಸಿದ ಮಕ್ಕಳ ಆಟಿಕೆಗೆ ‘ಹಾಬಿ ಹಾರ್ಸ್’ ಎಂಬ ಹೆಸರು ಬಂತು. ದೊಡ್ಡವರ ಖಯಾಲಿಗಳಿಗೂ ಅದನ್ನೇ ಅಂಟಿಸಿದರು. 19ನೇ ಶತಮಾನದ ಹೊತ್ತಿಗೆ ಬಾಲದ ‘ಹಾರ್ಸ್’ ಉದುರಿ ‘ಹಾಬಿ’ ಉಳಿಯಿತು. 1819ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಪೆಡಲ್ ಇಲ್ಲದ ಎರಡು ಚಕ್ರದ ಗಾಡಿಯೊಂದು ಬಂದಾಗ ಅದನ್ನೂ ಜನ ‘ಹಾಬಿ ಹಾರ್ಸ್’ ಅಂದರು. ಕೂತವರೇ ಕಾಲಲ್ಲಿ ನೆಲ ಒದ್ದು ಓಡಿಸಬೇಕಿತ್ತು.

ಕೋಲು ಕುದುರೆ ಏರಿದ ಮಗುವನ್ನು ನೋಡಿದ್ದೀರಾ? ಓಡೋದು ಅದರದೇ ಕಾಲು. ಏದುಸಿರು ಬಿಡೋದೂ ಅದೇ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಆದರೂ ಕುದುರೆಯೇ ತನ್ನನ್ನು ಹೊತ್ತು ತಂದಿತು ಅನ್ನೋದರಲ್ಲಿ ಅದಕ್ಕೆ ಅನುಮಾನವಿಲ್ಲ.

ನನ್ನ ಕುದುರೆ ಅಂಚೆಚೀಟಿ. ಲಕೋಟೆಯ ಮೂಲೆಯನ್ನು ಚೀಟಿ ಸಮೇತ ಕತ್ತರಿಸಿ ತಟ್ಟೆ ನೀರಿನಲ್ಲಿ ತೇಲಿಬಿಡಬೇಕು. ಅವಸರ ಮಾಡಿದರೆ ಚೀಟಿಯ ಅಂಚಿನ ಹಲ್ಲು ಹರಿಯುತ್ತದೆ, ಚೀಟಿ ಕೆಟ್ಟಿತು ಅಂತಲೇ ಲೆಕ್ಕ. ಹದಿನೈದು ನಿಮಿಷ ಸುಮ್ನೆ ಕಾದರೆ ಅಂಟು ಬಿಟ್ಟು ತಾನಾಗಿಯೇ ಜಾರಿ ಬರುತ್ತದೆ. ಆ ಜಾರುವ ಕ್ಷಣ ಇದೆಯಲ್ಲ, ಅದಕ್ಕೇ ಇಷ್ಟೆಲ್ಲ. ಆಮೇಲೆ ಹಳೆ ಪೇಪರಿನ ಮೇಲೆ ಮಗುಚಿ ಒಣಗಿಸಿ, ದಪ್ಪ ಪುಸ್ತಕದೊಳಗೆ ಇಡೋದು. ಅಂಚೆಚೀಟಿ ಸೇರಿಸೋ ಈ ಹವ್ಯಾಸಕ್ಕೆ ಫಿಲಾಟೆಲಿ ಎಂಬ ಹೆಸರನ್ನು 1864ರಲ್ಲಿ ಫ್ರಾನ್ಸಿನ ಜಾರ್ಜ್ ಹರ್ಪಿನ್ ಕಟ್ಟಿದರು. ಗ್ರೀಕಿನ ಎರಡು ಪದ ಕೂಡಿಸಿದ್ದು. ಒಂದು ಪ್ರೀತಿ, ಇನ್ನೊಂದು ‘ಸುಂಕ ಕೊಡಬೇಕಿಲ್ಲ’. ಅಂಚೆಚೀಟಿ ಬರುವ ಮೊದಲು ಕಾಗದದ ಖರ್ಚನ್ನು ಸಾಮಾನ್ಯವಾಗಿ ಅದನ್ನು ಪಡೆದವರೇ ಕೊಡಬೇಕಿತ್ತು. ಚೀಟಿ ಅಂಟಿಸಿದ್ದರೆ ಅದು ತಪ್ಪುತ್ತಿತ್ತು.

‘ಇದನ್ನೆಲ್ಲ ಮಾರಿದರೆ ಎಷ್ಟು ಬರುತ್ತೆ?’ ಇದು ನನಗೆ ಜಾಸ್ತಿ ಎದುರಾಗೋ ಪ್ರಶ್ನೆ. ಇತ್ತೀಚೆಗೆ ಅದಕ್ಕೊಂದು ಸಲಹೆಯೂ ಸೇರಿಕೊಂಡಿದೆ: ‘ಒಂದು ಚಾನೆಲ್ ಶುರು ಮಾಡಿ.’ ಚೆನ್ನಾಗಿ ಹಾಡಿದರೆ ಸ್ಪರ್ಧೆಗೆ ಹೋಗಬೇಕು, ಚೆನ್ನಾಗಿ ಹೆಣೆದರೆ ಮಾರಬೇಕು. ಕೋಲು ಕುದುರೆಗೂ ಬಾಡಿಗೆ ಮೀಟರ್ ಹಾಕೋ ಆಸೆ ಯಾಕೆ ನಮಗೆ? ಹಾಗಂತ ಇಷ್ಟದ ಕೆಲಸದಿಂದಲೇ ಬದುಕುವವರನ್ನು ನಾನು ಆಡಿಕೊಳ್ಳುತ್ತಿಲ್ಲ. ‘ಹವ್ಯಾಸಿ ಪತ್ರಕರ್ತ’ ಅಂತೀವಲ್ಲ, ಅವರಲ್ಲಿ ಎಷ್ಟೋ ಜನರ ಮನೆ ನಡೆಯೋದೇ ಆ ಬರಹದಿಂದ. ಅಲ್ಲಿ ಆ ಪದ ಬಳಸೋದು ನನಗೆ ಸ್ವಲ್ಪ ಕ್ರೂರ ಅನ್ನಿಸುತ್ತದೆ.

ಕನ್ನಡದಲ್ಲಿ ನನಗೆ ತುಂಬ ಹಿಡಿಸೋದು ‘ವೃತ್ತಿ–ಪ್ರವೃತ್ತಿ’ ಜೋಡಿ. ‘ವೃತ್ತಿಯಲ್ಲಿ ಲೆಕ್ಕಿಗ, ಪ್ರವೃತ್ತಿಯಲ್ಲಿ ಕವಿ’ ಅಂತ ಪರಿಚಯ ಮಾಡಿಕೊಡುತ್ತಾರಲ್ಲ, ಅದು. ಎರಡರ ಬೇರೂ ತಿರುಗು, ಉರುಳು ಎಂಬ ಅರ್ಥದ ‘ವೃತ್’ ಧಾತು. ವೃತ್ತಿಯಲ್ಲಿ ಇದ್ದಲ್ಲೇ ತಿರುಗುತ್ತೇವೆ, ಪ್ರವೃತ್ತಿಯಲ್ಲಿ ಮನಸ್ಸು ಎತ್ತ ಉರುಳುತ್ತದೋ ಅತ್ತ ಹೋಗುತ್ತೇವೆ. ಇದು ವ್ಯಾಕರಣ ಅಲ್ಲ, ನನ್ನ ತರ್ಲೆ. ಅದೇ ಧಾತುವಿನಿಂದ ‘ನಿವೃತ್ತಿ’ಯೂ ಬಂದಿದೆ. ಆದರೆ ಅದು ವೃತ್ತಿಗೆ ಬರುತ್ತದೆ, ಆರ್ಡರ್ ಕೈಗೆ ಕೊಟ್ಟು ಹಾರ ಹಾಕುತ್ತಾರೆ. ಅಂಚೆಚೀಟಿ ಸೇರಿಸೋದರಿಂದ ನಿವೃತ್ತರಾದವರಿಗೆ ಯಾರಾದರೂ ಹಾರ ಹಾಕಿದ್ದು ನಾನಂತೂ ನೋಡಿಲ್ಲ.

ಅರ್ಜಿ ಇನ್ನೂ ಕೊಟ್ಟಿಲ್ಲ. ‘ಓದುವುದು, ಸಂಗೀತ ಕೇಳುವುದು’ ಹೊಡೆದು ಹಾಕಿ ‘ಅಂಚೆಚೀಟಿ’ ಅಂತ ಬರೆದಿದ್ದೇನೆ. ಗೀಚು ಕಾಣುತ್ತೆ, ಕಾಣಲಿ ಬಿಡಿ. ತಟ್ಟೆಯಲ್ಲಿ ನಾಲ್ಕು ಚೀಟಿ ತೇಲುತ್ತಿವೆ, ನೋಡಬೇಕು.