ಬಾಗಿಲಲ್ಲಿ ಕಾವಲು ನಿಂತವನ ಲೆಕ್ಕ

2025ರ ಜನವರಿಯಲ್ಲಿ ಬೀದರಿನಲ್ಲಿ ಎಟಿಎಂಗೆ ತುಂಬಬೇಕಿದ್ದ ಹಣವನ್ನು ಹಾಡಹಗಲೇ ಗುಂಡು ಹಾರಿಸಿ ದೋಚಿದರಲ್ಲ, ಆ ಸುದ್ದಿ ಬಂದ ದಿನ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ದೊಡ್ಡ ವಾದವೇ ಆಯಿತು. "ಇಂಥವರನ್ನೆಲ್ಲ ಸಾಲಾಗಿ ನೇಣಿಗೆ ಹಾಕಬೇಕು. ಯಾರು ಗುಂಡು ಹೊಡೆದ, ಯಾರು ಗಾಡಿ ಓಡಿಸಿದ ಅಂತ ಲೆಕ್ಕ ಯಾಕಪ್ಪಾ?" ಅಂದರು ಭಾವ. ಬೆಳಿಗ್ಗೆ ಕೆಲಸಕ್ಕೆಂದು ಹೋದವನು ಹೆಣವಾಗಿ ಮನೆಗೆ ಬಂದರೆ ಯಾರಿಗೆ ಸಿಟ್ಟು ಬರೋದಿಲ್ಲ? ನನಗೂ ಬಂದಿತ್ತು. ಆದರೆ ಆ ಲೆಕ್ಕ ಬೇಕೇ ಬೇಕು ಅಂತ ಅವತ್ತೂ ಹೇಳಿದೆ, ಇವತ್ತೂ ಹೇಳ್ತೀನಿ.

ಎಲ್ಲರೂ ಅಪರಾಧಿಗಳೇ ಅನ್ನುವ ಮಾತನ್ನು ಒಪ್ಪುತ್ತೇನೆ. 1923ರ ಆಗಸ್ಟ್ 3ರಂದು ಕಲ್ಕತ್ತೆಯ ಶಂಕರಿಟೋಲಾ ಅಂಚೆ ಕಚೇರಿಗೆ ಕೆಲವರು ಪಿಸ್ತೂಲು ಹಿಡಿದು ನುಗ್ಗಿದರು. ಹಣ ಎಣಿಸುತ್ತಿದ್ದ ಪೋಸ್ಟ್‌ಮಾಸ್ಟರ್ ಗುಂಡೇಟಿಗೆ ಸತ್ತರು. ಬಂದವರು ಒಂದು ಕಾಸನ್ನೂ ಮುಟ್ಟದೆ ಓಡಿಹೋದರು. ಸಿಕ್ಕಿಬಿದ್ದ ಬಾರೇಂದ್ರ ಕುಮಾರ್ ಘೋಷ್, ನಾನು ಹೊರಗೆ ಅಂಗಳದಲ್ಲಿ ಹೆದರಿಕೊಂಡು ನಿಂತಿದ್ದೆ, ಗುಂಡು ಹೊಡೆದದ್ದು ನಾನಲ್ಲ ಅಂದ. ಬ್ರಿಟಿಷರ ಕಾಲದಲ್ಲಿ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ: ಎಲ್ಲರ ಉದ್ದೇಶ ಒಂದೇ ಆಗಿದ್ದರೆ ಕಾದು ನಿಂತವನೂ ಆ ಕೃತ್ಯದಲ್ಲಿ ಪಾಲುದಾರನೇ. ಹಳೆಯ ದಂಡ ಸಂಹಿತೆಯಲ್ಲಿ ಸಮಾನ ಉದ್ದೇಶದ ಬಗ್ಗೆ ಇದ್ದ 34ನೇ ಕಲಂ ಅಂದರೆ ಇವತ್ತಿಗೂ ಕೋರ್ಟುಗಳಲ್ಲಿ ಈ ತೀರ್ಪಿನ ಹೆಸರು ಬರುತ್ತದೆ. ಜೊತೆಗಾರನ ಸೊಂಟದಲ್ಲಿ ಪಿಸ್ತೂಲು ಇದೆ ಅಂತ ಗೊತ್ತಿದ್ದೂ ಬಾಗಿಲು ಕಾದವನು ಅಮಾಯಕನಲ್ಲ.

ನನ್ನ ತಕರಾರು ತಪ್ಪಿತಸ್ಥ ಅಂತ ತೀರ್ಮಾನವಾದ ಮೇಲಿನದು. ಬಾರೇಂದ್ರನಿಗೆ ವಿಚಾರಣಾ ಕೋರ್ಟು ಕೊಟ್ಟದ್ದು ಮರಣದಂಡನೆ. ಅಪರಾಧದಲ್ಲಿ ಸಮಪಾಲು ಇದೆ ಅಂದ ಮಾತ್ರಕ್ಕೆ ಶಿಕ್ಷೆಯಲ್ಲೂ ಸಮಪಾಲು ಇರಬೇಕಾ?

ಕಾನೂನಿನಲ್ಲೇ ಒಂದು ವಿಚಿತ್ರ ಇದೆ, ಇದನ್ನು ಓದಿ ನನಗೆ ಸುಮ್ಮನಿರಲು ಆಗಲಿಲ್ಲ. ಐದು ಜನ ಸೇರಿ ಸುಲಿದರೆ ಅದು ಡಕಾಯಿತಿ. ಅದರಲ್ಲಿ ಒಬ್ಬ ಕೊಲೆ ಮಾಡಿದರೂ ಹಳೆಯ 396ನೇ ಕಲಂ ಪ್ರಕಾರ ಐವರಿಗೂ ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷದವರೆಗಿನ ಕಠಿಣ ಸಜೆ, ಈ ಮೂರರಲ್ಲಿ ಒಂದು ಕೊಡಬಹುದಿತ್ತು. ಅದೇ ನಾಲ್ಕೇ ಜನ ಇದ್ದು, ಕೊಲೆಯ ಸಮಾನ ಉದ್ದೇಶ ಸಾಬೀತಾದರೆ? ಗಲ್ಲು, ಇಲ್ಲವೇ ಜೀವಾವಧಿ. ತಲೆ ಒಂದು ಕಡಿಮೆಯಾಯಿತು ಅಂತ, ನಾಲ್ಕನೆಯವನ ಪಾತ್ರವನ್ನು ತೂಗುವ ಜಾಗವೇ ನ್ಯಾಯಾಧೀಶರ ಕೈತಪ್ಪುತ್ತದೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇದನ್ನು ಸರಿಮಾಡಬಹುದಿತ್ತು. ಮಾಡಿದ್ದೇನು? 396ರ ಜಾಗಕ್ಕೆ ಬಂದ 310(3)ನೇ ಕಲಂನಲ್ಲಿ ಹತ್ತು ವರ್ಷದ ಗರಿಷ್ಠವನ್ನೇ ಕನಿಷ್ಠ ಮಾಡಿತು.

ಮಾರಕಾಸ್ತ್ರ ಬಳಸಿದರೆ ಏಳು ವರ್ಷಕ್ಕೆ ಕಡಿಮೆ ಇಲ್ಲ ಅನ್ನುತ್ತಿದ್ದ 397ನೇ ಕಲಂ ನೋಡಿ. ಅದು ಆಯುಧ ಬಳಸಿದವನಿಗೆ ಮಾತ್ರ, ಜೊತೆಗಿದ್ದವರಿಗಲ್ಲ ಅಂತ ಸುಪ್ರೀಂ ಕೋರ್ಟ್ 1975ರಲ್ಲೇ ಫೂಲ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಯಾರ ಕೈಯಲ್ಲಿ ಏನಿತ್ತು ಅಂತ ಕೇಳೋದು ಅಲ್ಲಿ ಸಾಧ್ಯವಾದರೆ, ಪ್ರಾಣದ ಪ್ರಶ್ನೆಯಲ್ಲಿ ಯಾಕಾಗಬಾರದು?

ಹರ್‌ಬನ್ಸ್ ಸಿಂಗ್ ಪ್ರಕರಣ ದರೋಡೆಯದ್ದಲ್ಲ, ಆದರೆ ಅದನ್ನು ಹೇಳದೆ ಮುಂದೆ ಹೋಗಲಾರೆ. ಒಂದೇ ಕೊಲೆ ಕೇಸು, ಮೂವರಿಗೆ ಗಲ್ಲು, ಮೂವರ ಪಾತ್ರವೂ ಒಂದೇ. ಬೇರೆ ಬೇರೆಯಾಗಿ ಮೇಲ್ಮನವಿಗೆ ಹೋದರು. ಒಬ್ಬನ ಶಿಕ್ಷೆ 1977ರಲ್ಲಿ ಜೀವಾವಧಿಗೆ ಇಳಿಯಿತು. ಇನ್ನೊಬ್ಬನನ್ನು 1981ರ ಅಕ್ಟೋಬರ್‌ನಲ್ಲಿ ನೇಣಿಗೆ ಹಾಕಿದರು. ಮೂರನೆಯವನಾದ ಹರ್‌ಬನ್ಸನ ಶಿಕ್ಷೆ ಕಡಿಮೆ ಮಾಡಿ ಅಂತ 1982ರಲ್ಲಿ ಸುಪ್ರೀಂ ಕೋರ್ಟೇ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಬೇಕಾಯಿತು. ನೇಣಿಗೆ ಹೋದವನ ಮನೆಯವರಿಗೆ ಯಾರು ಏನು ಉತ್ತರ ಕೊಟ್ಟಾರು? ಅಂದರೆ ನಾನು ಕೇಳುತ್ತಿರುವುದು ಕರುಣೆಯನ್ನಲ್ಲ. ಒಂದೇ ಪಾತ್ರವಾದರೆ ಒಂದೇ ಶಿಕ್ಷೆ ಇರಲಿ, ಪಾತ್ರ ಬೇರೆಯಾದರೆ ಶಿಕ್ಷೆಯೂ ಬೇರೆಯಾಗಲಿ.

ಇಂದೋರಿನ ಒಂದು ಮನೆಯಲ್ಲಿ 2011ರಲ್ಲಿ ದರೋಡೆಗೆ ಬಂದವರು ಮೂವರು ಹೆಂಗಸರನ್ನು ಕೊಂದಿದ್ದರು. ಆ ಕೇಸಿನ ಮೂವರು ಅಪರಾಧಿಗಳ ಗಲ್ಲುಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಕನಿಷ್ಠ 25 ವರ್ಷದ ಜೀವಾವಧಿಗೆ ಇಳಿಸಿತು. ಮರಣದಂಡನೆಯ ಪ್ರಶ್ನೆ ಇರುವ ಕಡೆ ಅಪರಾಧಿಯ ಹಿನ್ನೆಲೆ, ಮನಸ್ಸಿನ ಸ್ಥಿತಿ, ಜೈಲಿನ ನಡತೆ, ಇವುಗಳ ವರದಿ ವಿಚಾರಣಾ ಕೋರ್ಟಿಗೇ ಬರಬೇಕು ಅಂತಲೂ ಹೇಳಿತು. ಗುಂಪಿನ ಪ್ರತಿಯೊಬ್ಬನ ಬಗ್ಗೆಯೂ ಇಂಥ ವರದಿ ಬೇಕು, ಜೀವಾವಧಿಯ ಕೇಸುಗಳಲ್ಲೂ ಬೇಕು ಅನ್ನೋದು ನನ್ನ ಒತ್ತಾಯ.

"ಸತ್ತವನ ಹೆಂಡತಿ ಮುಂದೆ ನಿಂತು ಇದನ್ನೆಲ್ಲ ಹೇಳ್ತೀಯಾ?" ಅಂತ ಭಾವ ಕೇಳಿದರು. ಕಷ್ಟದ ಪ್ರಶ್ನೆ. ಹೇಳ್ತೀನಿ ಅಂದೆ. ಆಕೆಯ ಗಂಡನನ್ನು ಕೊಂದವನು ಯಾರು, ಅವನಿಗೆ ದಾರಿ ತೋರಿಸಿದವನು ಯಾರು, ಹೊರಗೆ ನಿಂತು ಸುಮ್ಮನಿದ್ದವನು ಯಾರು ಅಂತ ತೀರ್ಪಿನಲ್ಲಿ ಹೆಸರು ಹಿಡಿದು, ಬಿಡಿಬಿಡಿಯಾಗಿ ಬರೆದಿರಬೇಕು. ಆಕೆಗೆ ಬರಬೇಕಾದ ಪರಿಹಾರದ ಆದೇಶವೂ ಅದೇ ದಿನ ಆಗಬೇಕು.