ದುರ್ಗದ ಶೂ, ಕುಡ್ಲದ ಕಡಲು

ಏಪ್ರಿಲ್ ತಿಂಗಳಲ್ಲಿ ಮಂಗಳೂರು ನೋಡಲು ಬರುತ್ತೇನೆ ಅನ್ನುವವರಿಗೆ ನಾವು ಬೇಡ ಅನ್ನುವುದಿಲ್ಲ. ‘ಸೆಕೆ ಉಂಟು ಮಾರಾಯ’ ಅಂತ ಒಂದು ಮಾತು ಹೇಳುತ್ತೇವೆ. ‘ನಮ್ಮಲ್ಲಿ ಇಲ್ವಾ ಬಿಸಿಲು?’ ಅನ್ನುತ್ತಾರೆ. ಮತ್ತೆ ಹೇಳಿ ಪ್ರಯೋಜನ ಇಲ್ಲ. ಅದು ಮೈಗೇ ಗೊತ್ತಾಗಬೇಕು.

ಚಿತ್ರದುರ್ಗದ ಗೆಳೆಯ ಬಂದಿಳಿದದ್ದು ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಜೀನ್ಸ್ ಪ್ಯಾಂಟು, ಹೊಚ್ಚ ಹೊಸ ಕಂದು ಶೂ ಹಾಕಿಕೊಂಡು. ಶೂ ಹೆಂಡತಿ ಕೊಡಿಸಿದ್ದಂತೆ. ಬಿಜೈ ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆ ತಲುಪುವಷ್ಟರಲ್ಲಿ ಇಸ್ತ್ರಿ ಹೋಗಿ ಬೆನ್ನ ಮೇಲೆ ಭೂಪಟ ಮೂಡಿತ್ತು. ‘ನನ್ನ ಚಪ್ಪಲಿ ಹಾಕ್ಕೋ’ ಅಂದೆ. ‘ಊರು ನೋಡಾಕೆ ಬಂದೀನಿ ಕಣಲೇ, ಬಚ್ಚಲಿಗಲ್ಲ’ ಅಂದ.

ಸೆಕೆಗಾಲದ ನೆಂಟರನ್ನು ನಾನು ಮೊದಲು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ಕರೆದೊಯ್ಯುತ್ತೇನೆ. ಒಳಗೆ ತಂಪು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಸುಮಾರು 120 ವರ್ಷಗಳ ಹಿಂದೆ ಗೋಡೆ, ಚಾವಣಿ ಯಾವುದನ್ನೂ ಬಿಡದೆ ಚಿತ್ರ ಬರೆದಿಟ್ಟಿದ್ದಾರೆ. ಗೆಳೆಯ ಬೆಂಚಿನಲ್ಲಿ ಕೂತು ತಲೆ ಎತ್ತಿದವನು ಬಹಳ ಹೊತ್ತು ಇಳಿಸಲಿಲ್ಲ. ಎಷ್ಟು ಶ್ರದ್ಧೆಯಿಂದ ನೋಡ್ತಾನೆ ಅಂದುಕೊಂಡೆ. ಆಮೇಲೆ ಗೊರಕೆ ಕೇಳಿಸಿತು. ರಾತ್ರಿ ಬಸ್ಸಿನಲ್ಲಿ ನಿದ್ದೆ ಇರಲಿಲ್ಲ, ಪಾಪ.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ. ‘ಅಕ್ಕಿ ಬೆಂದಿಲ್ಲ’ ಅಂತ ಸಪ್ಲೈಯರನ್ನು ಕರೆಯಲು ಹೊರಟವನನ್ನು ಕೈ ಹಿಡಿದು ಕೂರಿಸಿದೆ.

ಆಮೇಲೆ ಸಿಟಿ ಬಸ್ಸು. ನಮ್ಮ ಖಾಸಗಿ ಬಸ್ಸುಗಳಿಗೆ ಪೂರ್ತಿ ನಿಲ್ಲುವ ಅಭ್ಯಾಸ ಕಮ್ಮಿ. ನಿಧಾನ ಆಗುತ್ತವೆ, ಅಷ್ಟರಲ್ಲಿ ನಾವು ಹತ್ತಬೇಕು. ಸರಕಾರಿ ಬಸ್ಸಿನಲ್ಲಿ ಓಡಾಡಿ ಬೆಳೆದವನು ನಿಲ್ಲಲಿ ಅಂತ ಕಾದ. ನಾನು ಹತ್ತಿದೆ, ಕಂಡಕ್ಟರ್ ಸೀಟಿ ಊದಿದ, ‘ರೈಟ್ ಪೋಯಿ’, ಅವನು ಕೆಳಗೇ ಉಳಿದ. ಮುಂದಿನ ಸ್ಟಾಪಿನಲ್ಲಿ ಇಳಿದು ಕಾದರೆ, ಹಿಂದಿನ ಬಸ್ಸಿನ ಕಿಟಕಿಯಿಂದ ಕೈ ಬೀಸುತ್ತಾ ನನ್ನೆದುರೇ ಹಾದುಹೋದ. ಆ ಬಸ್ಸೂ ನಿಲ್ಲಲಿಲ್ಲ. ಕೊನೆಗೆ ಇಬ್ಬರೂ ಬೇರೆ ಬೇರೆ ರಿಕ್ಷಾ ಹಿಡಿದು ಸುಲ್ತಾನ್ ಬತ್ತೇರಿ ಸೇರಿದೆವು.

ಅಲ್ಲಿ ಅವನು ಬತ್ತೇರಿಗೆ ಬೆನ್ನು ಹಾಕಿ ನಿಂತಿದ್ದ. ‘ಕೋಟೆ ಎಲ್ಲಿ?’

‘ನಿನ್ನ ಹಿಂದೆ.’

ತಿರುಗಿ ನೋಡಿದ. ಒಂದು ಸುತ್ತು ಹಾಕಿ ಬಂದ. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಶತ್ರುಗಳ ಹಡಗು ನದಿಯೊಳಗೆ ಬರದ ಹಾಗೆ 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಗೋಪುರ ಅದು, ಅಷ್ಟೇ ಅದರ ಕೆಲಸ ಅಂತ ಹೇಳಿದೆ. ಏಳು ಸುತ್ತಿನ ಕೋಟೆಯ ಊರಿನವನಿಗೆ ಇದೆಲ್ಲ ನಾಟುವುದಿಲ್ಲ. ‘ನಮ್ಮ ಕೋಟೆ ಹಿಡಿಯಾಕೆ 1779ರಲ್ಲಿ ಅವರಪ್ಪ ಹೈದರಾಲಿ ಅಷ್ಟು ಒದ್ದಾಡಿದ. ಮಗ ಇಲ್ಲಿ ಬಂದು ಇಷ್ಟೇನಾ ಕಟ್ಟಿದ್ದು?’ ಟಿಪ್ಪುವಿನ ಪರವಾಗಿ ನಾನು ಯಾಕೆ ವಾದ ಮಾಡಲಿ? ದೋಣಿ ಹತ್ತಿಸಿದೆ.

ನದಿ ದಾಟಿದರೆ ತಣ್ಣೀರುಬಾವಿ ಬೀಚ್. ಶೂ ಬಿಚ್ಚಿದ, ಸಾಕ್ಸ್ ಮಡಚಿ ಒಳಗಿಟ್ಟ. ಗಾಳಿಮರದ ಬುಡದಲ್ಲಿ ಇಡು ಅಂದೆ. ‘ಯಾರಾದ್ರೂ ಕದ್ದಾರು, ಕಣ್ಣಿಗೆ ಕಾಣೋ ಹಾಗಿರಲಿ’ ಅಂತ ನೀರಿನಿಂದ ಹತ್ತು ಹೆಜ್ಜೆ ದೂರ ಮರಳಿನ ಮೇಲಿಟ್ಟ. ಉಬ್ಬರದ ಹೊತ್ತಿನಲ್ಲಿ ನಮ್ಮ ಹತ್ತು ಹೆಜ್ಜೆ ಕಡಲಿಗೆ ಒಂದೇ ಹೆಜ್ಜೆ.

ಸೆಲ್ಫಿ ತೆಗೆದು ತಿರುಗಿದರೆ ಎಡಗಾಲಿನ ಶೂ ಒಂದೇ ಇತ್ತು. ಬಲಗಾಲಿನದು ಗಲ್ಫ್ ಕಡೆ ಹೊರಟಿತ್ತು. ಅವನು ಪ್ಯಾಂಟು ನೆನೆಯುವುದನ್ನೂ ನೋಡದೆ ಓಡಿದ. ಲೈಫ್‌ಗಾರ್ಡ್ ಸೀಟಿ ಊದಿದ. ‘ನಿಮ್ಮೂರಲ್ಲಿ ಎಲ್ರ ಬಾಯಾಗೂ ಒಂದು ಸೀಟಿ ಐತಲ್ಲೋ’ ಅಂತ ಬೈಯುತ್ತಾ ವಾಪಸ್ ಬಂದ.

ಸ್ವಲ್ಪ ಹೊತ್ತು ಸುಮ್ನೆ ನಿಂತ. ‘ಒಂದನ್ನ ಇಟ್ಕಂಡು ಏನ್ ಮಾಡ್ಲಿ? ಹೋಗೋದು ಜೋಡೀಲೇ ಹೋಗ್ಲಿ’ ಅಂದವನೇ, ನಾನು ‘ಹಾಂ ಹಾಂ’ ಅನ್ನುವಷ್ಟರಲ್ಲಿ ಎಡಗಾಲಿನದನ್ನೂ ಬೀಸಿ ಒಗೆದ. ಒಳ್ಳೆಯ ಎಸೆತ. ಕಾಲೇಜಿನಲ್ಲಿ ಗುಂಡು ಎಸೆಯುತ್ತಿದ್ದವನು. ಕಡಲ ಬದಿಯಲ್ಲಿ ಹುಟ್ಟಿದವರು ಈ ಕೆಲಸ ಮಾಡುವುದಿಲ್ಲ. ತನಗೆ ಬೇಡದ್ದನ್ನು ಕಡಲು ಇಟ್ಟುಕೊಳ್ಳುವುದಿಲ್ಲ ಅಂತ ಇಲ್ಲಿ ಮಕ್ಕಳಿಗೂ ಗೊತ್ತು.

ಚರುಮುರಿ ತಿಂದು ಮುಗಿಸಿರಲಿಲ್ಲ, ಒಬ್ಬ ಹುಡುಗ ಓಡಿ ಬಂದ. ಕೈಯಲ್ಲಿ ಬಲಗಾಲಿನ ಶೂ. ‘ಅಣ್ಣಾ, ಇದು ನಿಮ್ದಲ್ವಾ?’ ಸಾಕ್ಸ್ ಇರಲಿಲ್ಲ. ಒಳಗೆ ಅರ್ಧದಷ್ಟು ಮರಳು. ಗೆಳೆಯ ಆ ಶೂವನ್ನೇ ನೋಡಿದ, ನಾನು ಅವನ ಮುಖ ನೋಡಲಿಲ್ಲ. ನೋಡಿದ್ದರೆ ನಗು ತಡೆಯಲು ಆಗುತ್ತಿರಲಿಲ್ಲ. ಎಡಗಾಲಿನದೂ ಬರಬಹುದು ಅಂತ ಕೊನೆಯ ದೋಣಿಯವರೆಗೆ ಕಾದೆವು. ಬರಲಿಲ್ಲ. ಎಸೆದದ್ದು ಅಷ್ಟು ದೂರ.

‘ಇನ್ನು ಇದನ್ನೂ ಬಿಸಾಡು’ ಅಂದೆ. ‘ಆಮೇಲೆ ಅದು ಬಂದ್ರೆ?’ ಅಂದ. ಅದೂ ಸರಿಯೇ.

ಬರುವ ದಾರಿಯಲ್ಲಿ ಕುದ್ರೋಳಿ ಗೋಕರ್ಣನಾಥೇಶ್ವರ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ದೇವಸ್ಥಾನ, ದೀಪ ಹಾಕಿದ ಮೇಲೆ ನೋಡಲು ಚಂದ. ಚಪ್ಪಲಿ ಇಡುವಲ್ಲಿದ್ದವರು ಇವನ ಬರಿಗಾಲು ನೋಡಿದರು, ಕೈಯಲ್ಲಿದ್ದ ಒಂಟಿ ಶೂ ನೋಡಿದರು, ಮತ್ತೆ ನನ್ನನ್ನು ನೋಡಿದರು. ನಾನು ಗೋಪುರ ನೋಡಿದೆ.

ಹಂಪನಕಟ್ಟೆಯಲ್ಲಿ ಹವಾಯಿ ಚಪ್ಪಲಿ ತೆಗೆದುಕೊಂಡ. ರಾತ್ರಿ ಮನೆಗೆ ಫೋನ್ ಮಾಡಿ ‘ಯಾವ್ದೋ ಗುಡಿ ಮುಂದೆ ಶೂ ಕಳದೋತು’ ಅಂದ. ದೇವರ ಹೆಸರು ಹೇಳಿ ಸುಳ್ಳಾಡುವಷ್ಟು ಧೈರ್ಯ ಇರಲಿಲ್ಲ. ‘ಗುಡಿ ಮುಂದೆ ಹೋದ್ರೆ ಒಳ್ಳೇದೇ ಬಿಡ್ರಿ, ಶನಿಕಾಟ ಹೋತು’ ಅಂತ ಆಕೆಯ ದನಿ ನನಗೂ ಕೇಳಿಸಿತು. ಗಡ್‌ಬಡ್ ಐಸ್‌ಕ್ರೀಮ್ ಅವನೇ ಕೊಡಿಸಿದ.

ಅವನು ಊರು ತಲುಪಿದ ಮೇಲೆ ಒಂದು ಸಂಜೆ ನನಗೆ ಆಕೆಯ ಫೋನ್.

‘ಅಣ್ಣಾ, ನಿಮ್ಮೂರಿನ ಕಳ್ರು ಒಂದೇ ಕಾಲಿನ ಶೂ ಕದೀತಾರಾ?’

ನಾನು ಗಂಟಲು ಸರಿಮಾಡಿಕೊಂಡೆ.

‘ಇನ್ನೊಂದು ಇವರ ಬ್ಯಾಗಲ್ಲೈತೆ. ಎರಡು ದಿನದಿಂದ ಮನೆಯೆಲ್ಲಾ ನಾತ. ಈಗ ಕೊಡವಿದ್ರೆ ಒಳಗಿಂದ ಏಡಿ ಬಿತ್ತು.’