ಎರಡು ಎತ್ತು, ಸಾವಿರ ಕೋಳಿ

ಆಯುಧಪೂಜೆಯ ದಿನ ಈಳಿಗೆಮಣೆ, ಮಿಕ್ಸಿ, ಸ್ಕೂಟರುಗಳ ಸ್ನಾನ ಮುಗಿದ ಮೇಲೆ ಕೊನೆಗೆ ನಮ್ಮನೆ ಕಂಪ್ಯೂಟರಿನ ಸರದಿ. ಅದಕ್ಕೆ ನೀರು ಹುಯ್ಯುವಂತಿಲ್ಲ. ಪಕ್ಕದ ತಗಡು ಬಿಚ್ಚಿ ಹಳೇ ಪೇಂಟ್ ಬ್ರಷ್ಷಿನಲ್ಲಿ ಧೂಳು ಕೊಡವುತ್ತೇನೆ. ಈ ಸಲ ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ದಿಂಬಿನ ಹತ್ತಿಯಂಥ ಧೂಳಿನ ಉಂಡೆ, ಅದರೊಳಗೆ ಸತ್ತ ಜಿರಲೆ. “ಅದರ ನೆತ್ತಿ ಮೇಲೂ ಒಂದು ಸೇವಂತಿಗೆ ಇಡೋ, ಅನ್ನ ಹಾಕೋದು ಅದೇ ತಾನೆ” ಅಂದಳು ಅಮ್ಮ. ಇಟ್ಟೆ.

ಕುಂಕುಮ ಹಚ್ಚುವಾಗ ನೆನಪಾದದ್ದು ಕ್ರೇ-1. ಸೇಮೋರ್ ಕ್ರೇ ಎಂಬಾತ ರೂಪಿಸಿದ ಸೂಪರ್‌ಕಂಪ್ಯೂಟರ್. ಮೊದಲನೆಯದು 1976ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಹೋಯಿತು. ಐದೂವರೆ ಟನ್ ತೂಕ, ಅಂದರೆ ಒಂದು ಒಳ್ಳೇ ದಸರಾ ಆನೆ. ಮೇವಿಗೆ 115 ಕಿಲೋವ್ಯಾಟ್ ವಿದ್ಯುತ್ತು. ಮೈ ತಣ್ಣಗಿಡಲು ಫ್ರಿಜ್ಜಿನಲ್ಲಿ ಓಡಾಡುತ್ತಿದ್ದ ಫ್ರಿಯಾನ್. ಮೇಲಿನಿಂದ ನೋಡಿದರೆ ಒಂದು ಕಡೆ ಮುರಿದ ಬಳೆಯ ಆಕಾರ. ಶೋಕಿಗಲ್ಲ: ತಂತಿ ಉದ್ದವಾದಷ್ಟೂ ಸಂಕೇತ ತಡ, ಆದ್ದರಿಂದ ಎಲ್ಲವನ್ನೂ ದುಂಡಗೆ ಕೂರಿಸಿ ಯಾವ ತಂತಿಯೂ ನಾಲ್ಕು ಅಡಿ ಮೀರದಂತೆ ಮಾಡಿದ್ದರು. ಆ ತಂತಿಗಳನ್ನು ಒಂದೊಂದಾಗಿ ಕೈಯಲ್ಲೇ ಜೋಡಿಸಿದವರು ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಊರಿನ ಹೆಂಗಸರು.

ನನಗೆ ಅದರಲ್ಲಿ ಅತ್ಯಂತ ಇಷ್ಟವಾದದ್ದು ಬುಡದ ಕಟ್ಟೆ. ವಿದ್ಯುತ್ ಒದಗಿಸುವ ಪೆಟ್ಟಿಗೆಗಳನ್ನು ಸುತ್ತಲೂ ಇಟ್ಟು, ಅವುಗಳ ಮೇಲೆ ಮೆತ್ತೆ ಹಾಕಿ, ಥೇಟ್ ನಮ್ಮ ಅರಳಿಕಟ್ಟೆಯ ಹಾಗೆ ಮಾಡಿಬಿಟ್ಟಿದ್ದರು. ಲಕ್ಷಾಂತರ ಡಾಲರಿನ ಯಂತ್ರಕ್ಕೆ ಬೆನ್ನು ಕೊಟ್ಟು ಆರಾಮಾಗಿ ಕೂರಬಹುದಿತ್ತು. ನನ್ನ ಡಬ್ಬದ ಮೇಲೆ ಅಮ್ಮ ಕನ್ನಡಕ ಇಡುತ್ತಾಳೆ, ಅಷ್ಟೇ.

ಇನ್ನು ಬಲದ ಮಾತು. ಕ್ರೇ-1 ಮೈಮುರಿದು ದುಡಿದರೆ ಸೆಕೆಂಡಿಗೆ 16 ಕೋಟಿ ಲೆಕ್ಕ. ಜಿರಲೆಗೆ ಸಮಾಧಿಯಾದ ನನ್ನ ಆರು ಕೋರಿನ (ಅಂದರೆ ಒಂದೇ ಚಿಪ್ಪಿನೊಳಗೆ ಆರು ಪ್ರೊಸೆಸರು) ಡಬ್ಬ, ಕಾಗದದ ಮೇಲಾದರೂ, 30,000 ಕೋಟಿ. ಕ್ರೇಯ ಮೆಮೊರಿ 8 ಮೆಗಾಬೈಟ್, ನನ್ನದು 16 ಗಿಗಾಬೈಟ್. ಎರಡರಲ್ಲೂ ಹೆಚ್ಚುಕಡಿಮೆ ಎರಡು ಸಾವಿರ ಪಟ್ಟು. ಈ ಬೆಳಿಗ್ಗೆ ಸ್ಕೂಟರಿನ ಹಾರ ಚೆನ್ನಾಗಿದೆಯೆಂದು ಫೋನಿನಲ್ಲಿ ತೆಗೆದ ಎರಡು ಫೋಟೊ ತುರುಕಿದ್ದರೆ ಕ್ರೇಯ ಹೊಟ್ಟೆ ತುಂಬಿ ತೇಗು ಬರುತ್ತಿತ್ತು. ಅಷ್ಟೇ ಹೊಟ್ಟೆಯಲ್ಲಿ ಅದು ಅಣ್ವಸ್ತ್ರದ ಲೆಕ್ಕ ಮಾಡಿತು. 1979ರಲ್ಲಿ ಯುರೋಪಿನ ಹವಾಮಾನ ಕೇಂದ್ರ ಮುನ್ಸೂಚನೆ ಕೊಡಲು ಶುರುಮಾಡಿದ್ದೂ ಇದೇ ತಳಿಯ ಯಂತ್ರದಿಂದ.

ಹೊಲ ಉಳಲು ಗಟ್ಟಿಮುಟ್ಟಾದ ಎರಡು ಎತ್ತು ಬೇಕೋ, 1,024 ಕೋಳಿ ಬೇಕೋ ಎಂದು ಕ್ರೇ ಕೇಳುತ್ತಿದ್ದನಂತೆ. ಸಣ್ಣ ಪ್ರೊಸೆಸರುಗಳನ್ನು ಗುಂಪುಗಟ್ಟಿ ದುಡಿಸುವವರ ಮೇಲಿನ ವ್ಯಂಗ್ಯ ಅದು. ಎತ್ತು ನಮಗೂ ಬೇಕಿತ್ತು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆಂದು ಒಂದು ಕ್ರೇ ಕೇಳಿದರೆ, ಬಾಂಬಿಗೆ ಬಳಸಿಯಾರು ಎಂಬ ಅನುಮಾನಕ್ಕೆ ಅಮೆರಿಕ ಒಲ್ಲೆ ಎಂದಿತು. ಕೊನೆಗೆ ದೆಹಲಿಯ ಹವಾಮಾನದವರಿಗೆ ಅದಕ್ಕಿಂತ ಚಿಕ್ಕದೊಂದು ಬಂತು. ಅಷ್ಟರಲ್ಲಿ ನಮ್ಮವರು ಕೋಳಿ ಸಾಕಣೆಗೆ ಇಳಿದಿದ್ದರು: ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನಲ್ಲಿ 1986ರಲ್ಲಿ ಫ್ಲೋಸಾಲ್ವರ್, ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನಲ್ಲಿ 1991ರಲ್ಲಿ ಪರಮ್ 8000, ಎರಡೂ ಸಣ್ಣ ಪ್ರೊಸೆಸರುಗಳ ಗುಂಪೇ. ಕ್ರೇ ಹೆಸರಿನ ಯಂತ್ರ ವಿಜ್ಞಾನ ಸಂಸ್ಥೆಯ ಹೊಸ್ತಿಲು ದಾಟಿದ್ದು 2015ರ ಹೊತ್ತಿಗೆ, ಸಹಸ್ರ-ಟಿ ಎಂಬ ನಾಮಕರಣದೊಂದಿಗೆ. ಒಳಗೆ ಇಣುಕಿದರೆ ಮೂವತ್ತು ಸಾವಿರಕ್ಕೂ ಹೆಚ್ಚು ಕೋರ್. ಕ್ರೇ ಹೆಸರಿನಲ್ಲೇ ಕೋಳಿಗೂಡು! ಪುಣ್ಯಾತ್ಮ 1996ರಲ್ಲೇ ತೀರಿಕೊಂಡಿದ್ದ.

ಮಗ ಆಟಕ್ಕೆಂದು ಹಟ ಹಿಡಿದು ಹಾಕಿಸಿಕೊಂಡ ಗ್ರಾಫಿಕ್ಸ್ ಕಾರ್ಡಿನಲ್ಲೂ 3,500ಕ್ಕೆ ಮೇಲ್ಪಟ್ಟು ಪುಟ್ಟ ಕೋರ್‌ಗಳಿವೆ. ಉಳುವ ಹೊಲವೇನೋ ನಮ್ಮಲ್ಲಿಲ್ಲ. ಕರೆಂಟ್ ಬಿಲ್ಲು, ಷಡ್ಡಕನ ಮಗಳ ಮದುವೆ ವಿಡಿಯೊ, ಯಾರೋ ಕಳಿಸಿದ ಪಿಡಿಎಫ್. ಅಷ್ಟೂ ಕೋಳಿ ದಿನವಿಡೀ ತಿಪ್ಪೆ ಕೆದಕುತ್ತಿರುತ್ತವೆ. ಬ್ರೌಸರಿನಲ್ಲಿ ಹದಿನೈದು ಟ್ಯಾಬ್ ತೆರೆದರೆ ಏದುಸಿರು ಬೇರೆ.

ಮಂಗಳಾರತಿಯಾದ ಮೇಲೆ ಸ್ವಿಚ್ ಒತ್ತಿದೆ. ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಎಂದಿತು. ಹೊರಗೆ ಬೂದುಗುಂಬಳ ಒಡೆದು, ಸ್ಕೂಟರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ, ಎರಡು ಸಲ ಪುಳಿಯೋಗರೆ ಹಾಕಿಸಿಕೊಂಡು ತಿಂದು ಬಂದರೂ ಶೇ. 35ರಲ್ಲೇ ನಿಂತಿತ್ತು. ಅಮ್ಮ ಕನ್ನಡಕ ಏರಿಸಿ ಹತ್ತಿರ ಬಂದು ನೋಡಿದಳು.

“ಸೇವಂತಿಗೆ ಎಸಳು ಫ್ಯಾನಿಗೆ ಸಿಕ್ಕೊಂಡಿದೆಯೇನೋ, ನೋಡೋ.”